ಗೋಧಿ ಬಿಯರಿನ ತೇವಾಂಶ

ಗೋಧಿಯಲ್ಲಿ ನೂರಕ್ಕೆ ಹನ್ನೆರಡು ಪಾಲಿಗಿಂತ ಹೆಚ್ಚು ತೇವಾಂಶ ಇರಕೂಡದು. ಇದು ನಿಯಮ. ಗೋಧಿ ಎಂದರೆ ‘ಕಾಳು, ರವೆ, ಹಿಟ್ಟು ಅಥವಾ ಗೋಧಿಯಿಂದ ಹುಟ್ಟಿದ ಇನ್ನಾವುದೇ ರೂಪ’ ಎಂದು ಅದೇ ನಿಯಮದ ಮೂರನೆಯ ಕಲಮಿನಲ್ಲಿ ಬಿಡಿಸಿ ಹೇಳಲಾಗಿದೆ. ಇದನ್ನು ಬರೆದವರು ಎಷ್ಟು ಮುಂದಾಲೋಚನೆಯ ಜನ ಎಂಬುದು ೨೦೦೭ರ ಮಾರ್ಚ್ ತಿಂಗಳಲ್ಲಿ ರಾಣೆಬೆನ್ನೂರಿನ ಮಾಲತೇಶಪ್ಪನಿಗೆ ಮನವರಿಕೆಯಾಯಿತು.

ಮಾಲತೇಶಪ್ಪ ಹಲಗೇರಿ ರಸ್ತೆಯಲ್ಲಿ ಬಾರ್ ನಡೆಸುವ ಮುಂಚೆ ಕುಮಾರಪಟ್ಟಣದ ಕಡೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಯಂತ್ರ ಕೂಡಿಸಲು ಬಂದಿದ್ದ ಜರ್ಮನಿಯ ಕುರ್ಟ್ ಸಾಹೇಬನ ಕೈಕೆಳಗೆ ಹನ್ನೊಂದು ತಿಂಗಳು ದುಡಿದಿದ್ದ. ದಿನಾ ಸಂಜೆ ಹೊಳೆದಂಡೆಯ ಮೇಲೆ ಕೂತು ಆ ಸಾಹೇಬ ತನ್ನೂರಿನ ಗೋಧಿ ಬಿಯರಿನ ಸುದ್ದಿ ಹೇಳುತ್ತಿದ್ದ. ಗ್ಲಾಸು ಇಷ್ಟೆತ್ತರ, ಮೇಲೆ ನೊರೆ ಮೂರು ಬೆರಳು, ಬಣ್ಣ ಹೊಸ ನೀರು ಬಂದಾಗಿನ ತುಂಗಭದ್ರೆಯಂತೆ ಕದಡು, ವಾಸನೆ ಬಾಳೆಹಣ್ಣಿನದು. ಕೇಳಿ ಕೇಳಿ ಮಾಲತೇಶಪ್ಪನಿಗೆ ಹತ್ತಿದ ಬಾಯಾರಿಕೆ ಒಂಬತ್ತು ವರ್ಷವಾದರೂ ಇಳಿದಿರಲಿಲ್ಲ.

ಈಗ ಕುರ್ಟ್ ಸಾಹೇಬ ಯಂತ್ರ ನೋಡಲು ಮತ್ತೊಮ್ಮೆ, ಒಂದೇ ದಿನದ ಮಟ್ಟಿಗೆ, ಮಾರ್ಚ್ ಇಪ್ಪತ್ತೆಂಟಕ್ಕೆ ಬರುವವನಿದ್ದ. ‘ನಮ್ಮ ಬಾರಿಗೆ ಬರ್ರಿ, ನಿಮ್ಮೂರ ಬಿಯರು ನಲ್ಲಿಯಿಂದಲೇ ಬಿಟ್ಟು ಕೊಡುತ್ತೇನೆ. ಮೊದಲನೇ ಗ್ಲಾಸು ನಿಮ್ಮದು, ಎರಡನೇದು ನನ್ನದು’ ಎಂದು ಮಾಲತೇಶಪ್ಪ ಕಾಗದ ಬರೆದುಬಿಟ್ಟ. ಬರೆದ ಮೇಲೆ ಮಾತಿಗೆ ತಪ್ಪುವ ಮನುಷ್ಯ ಅವನಲ್ಲ. ಬೆಂಗಳೂರಿನ ಏಜೆಂಟನನ್ನು ಹಿಡಿದು, ತಣ್ಣಗಿಡುವ ನಲ್ಲಿಯಂತ್ರ ಒಂದು, ಮೂವತ್ತು ಲೀಟರಿನ ಪೀಪಾಯಿ ಎರಡು ತರಿಸಿದ. ಒಂದು ಬಿಳೇ ಗೋಧಿ ಬಿಯರು, ಒಂದು ಕರೇದು. ಬೇಕಾದ ಅನುಮತಿಗಳೆಲ್ಲ ಸಿಕ್ಕಿದ್ದವು. ಅವನು ಮಾಡಿದ ತಪ್ಪು ಒಂದೇ. ಖುಷಿಯ ಭರದಲ್ಲಿ ಬಾಗಿಲ ಮೇಲೆ ಒಂದು ಬೋರ್ಡು ಬರೆಸಿ, ‘ಶುದ್ಧ ಗೋಧಿಯದು’ ಎಂದು ಹಾಕಿಸಿ, ಪಕ್ಕದಲ್ಲಿ ತೆನೆಯ ಚಿತ್ರವನ್ನೂ ಬರೆಸಿದ.

ಬೋರ್ಡಿನ ಬಣ್ಣ ಒಣಗುವ ಮೊದಲೇ ಧಾನ್ಯ ಶುಷ್ಕತಾ ಉಪಕಚೇರಿಯ ನಿರೀಕ್ಷಕರಾದ ಪ್ರಭುಲಿಂಗಪ್ಪನವರು ಬಂದರು. ಚೀಲಕ್ಕೆ ಚುಚ್ಚಿ ಕಾಳು ತೆಗೆಯುವ ಹಿತ್ತಾಳೆ ಕೊಳವೆ ಅವರ ಕಂಕುಳಲ್ಲಿತ್ತು. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಅವರು ಕೊಳವೆ ಇಲ್ಲದೆ ಮದುವೆಗೂ ಹೋದವರಲ್ಲ.

“ಇದೇನ್ರಿ?”

“ಗೋಧಿ ಬಿಯರ್ ರೀ, ಸಾಹೇಬ್ರ.”

“ಅಂದ್ರ ಗೋಧಿ.”

“ಬಿಯರ್ ರೀ. ಎಂಟು ವರ್ಷದಿಂದ ಬಿಯರ್ ಮಾರಾಕತ್ತೇನಿ, ಯಾರೂ ಕೇಳಿಲ್ಲ.”

“ಅದು ಬಾರ್ಲೀದು. ಬಾರ್ಲಿ ನಮ್ಮ ಯಾದ್ಯಾಗ ಇಲ್ಲ. ಇಲ್ಲದ್ದಕ್ಕ ನಾವು ಕೈ ಹಾಕೂದಿಲ್ಲ. ಗೋಧಿ ಐತಿ.”

ಇಷ್ಟು ಹೇಳಿ ಅವರು ಪೀಪಾಯಿಗೆ ಕೊಳವೆ ಚುಚ್ಚಿದರು. ಪೀಪಾಯಿ ಉಕ್ಕಿನದಾದ್ದರಿಂದ ಕೊಳವೆಯ ಮೂತಿ ಡೊಂಕಾಯಿತು. ‘ಮಾಲು ಬಲು ಗಟ್ಟಿಯಾಗಿದ್ದು ತಪಾಸಣೆಗೆ ಸಹಕರಿಸಲಿಲ್ಲ’ ಎಂದು ಪಂಚನಾಮೆಯಲ್ಲಿ ನಮೂದಾಯಿತು. ಕೊನೆಗೆ ನಲ್ಲಿ ಕೂಡಿಸಿಯೇ ಮಾದರಿ ತೆಗೆಯಬೇಕಾಯಿತು. ಎತ್ತರದ ಗ್ಲಾಸಿಗೆ ಬಿಯರು ಇಳಿಯಿತು. ಮೂರು ಬೆರಳು ನೊರೆ, ಕದಡು ಬಣ್ಣ, ಬಾಳೆಹಣ್ಣಿನ ವಾಸನೆ, ಎಲ್ಲವೂ ಸಾಹೇಬ ಹೇಳಿದ ಹಾಗೆಯೇ ಇತ್ತು. ಮಾಲತೇಶಪ್ಪನ ಎದೆ ತುಂಬಿ ಬಂತು. ಅವನು ಕೈ ಚಾಚಿದ.

“ವಿಚಾರಣಾದಾಗ ಇರೋ ಮಾಲು. ಮುಟ್ಟಬ್ಯಾಡ್ರಿ,” ಎಂದರು ಪ್ರಭುಲಿಂಗಪ್ಪನವರು.

ತೇವಾಂಶ ಅಳೆಯುವ ಯಂತ್ರದ ಬಟ್ಟಲಿಗೆ ಗೋಧಿಯನ್ನು ಸುರಿಯಲಾಯಿತು. ಮುಳ್ಳು ತುದಿಗೆ ಓಡಿ ಅಲ್ಲೇ ನಿಂತಿತು. ನಿರೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡರು. ಮೆಣಸಿನಕಾಯಿಗೆ ನೀರು ಹೊಡೆದು ತೂಕ ಏರಿಸುವವರನ್ನು ಅವರು ಬ್ಯಾಡಗಿ ರಸ್ತೆಯಲ್ಲಿ ಬೇಕಾದಷ್ಟು ಹಿಡಿದಿದ್ದರು. ಆದರೆ ಇದು ಬೇರೆ ಮಟ್ಟದ ಕೆಲಸ.

“ಇಷ್ಟು ನೀರು ಹಾಕಿದವರನ್ನ ನನ್ನ ಸರ್ವಿಸ್ಸಿನ್ಯಾಗ ನೋಡಿಲ್ರಿ, ಮಾಲತೇಶಪ್ಪನವರ.”

“ನಾ ಹಾಕಿಲ್ರಿ. ಜರ್ಮನಿಯವ್ರ ಹಾಕ್ಯಾರ.”

“ಹಾಕಿದ್ದು ಖರೇ ಅಂತ ಒಪ್ಪಿಕೊಂಡಂಗಾತು. ಇಲ್ಲಿ ಸಹಿ ಮಾಡ್ರಿ.”

ಕರೇ ಪೀಪಾಯಿಯ ವಿಚಾರ ಬೇಗ ಮುಗಿಯಿತು. ಗೋಧಿ ಕರ್ರಗಾಗಿದೆ ಎಂದರೆ ಕಾಡಿಗೆ ರೋಗ. ರೋಗದ ಮಾಲು ಊರಲ್ಲಿ ಉಳಿಯಕೂಡದು. ಅದನ್ನು ನಾಶಪಡಿಸಲು ಉಪಕಚೇರಿಯ ಏಳೂ ಜನ ಸಿಬ್ಬಂದಿ ಐರಣಿಯ ಹೊಳೆದಂಡೆಗೆ, ಹುರಿದ ಶೇಂಗಾದ ಸಮೇತ, ಸ್ವಂತ ಖರ್ಚಿನಲ್ಲಿ ಹೋದರು. ಸಂಜೆಯ ಹೊತ್ತಿಗೆ ರೋಗ ಒಂದು ಹನಿಯೂ ಉಳಿಯಲಿಲ್ಲವೆಂದೂ, ಇಬ್ಬರು ಸಿಬ್ಬಂದಿಗೆ ಮರುದಿನ ತಲೆ ಎತ್ತಲಾಗದಷ್ಟು ಶ್ರಮವಾಯಿತೆಂದೂ ವರದಿಯಾಯಿತು.

ಉಳಿದದ್ದು ಬಿಳೇ ಪೀಪಾಯಿ. ನಮ್ಮ ಕಡೆ ಮೆಣಸಿನಕಾಯಿ ಗುಡ್ಡೆಯ ಹತ್ತಿರ ಹಾದುಹೋದವರೆಲ್ಲ ಒಂದು ಹಿಡಿ ಎತ್ತಿಕೊಳ್ಳುತ್ತಾರೆ. ಖರೀದಿದಾರ ಎತ್ತುತ್ತಾನೆ, ಹಮಾಲ ಎತ್ತುತ್ತಾನೆ, ಕಸ ಹೊಡೆಯುವವಳೂ ಎತ್ತುತ್ತಾಳೆ. ಅದಕ್ಕೆ ಸ್ಯಾಂಪಲ್ ಎನ್ನುತ್ತಾರೆ. ಬೇಡವೆಂದರೆ ವ್ಯಾಪಾರ ಬಲ್ಲವನಲ್ಲ ಎಂದು ನಗುತ್ತಾರೆ. ಆ ಪದ್ಧತಿಯ ಪ್ರಕಾರ ಉಪಕಚೇರಿಗೆ ಐದು ಲೀಟರು, ಮೇಲಿನ ಕಚೇರಿಗೆ ಐದು, ಮೊದಲಿನ ಫಲಿತಾಂಶ ಸ್ಪಷ್ಟವಾಗಲಿಲ್ಲವೆಂದು ಮತ್ತೊಮ್ಮೆ ಐದೈದು ಲೀಟರು ಹೋಯಿತು. ಮಾಲಿನ ಒಡೆಯನಿಗೂ ಒಂದು ಮಾದರಿ ಕೊಡಬೇಕೆಂಬ ನ್ಯಾಯವಾದ ಕಲಮು ಇದ್ದುದರಿಂದ, ಒಂದು ಬಾಟಲಿ ತುಂಬಿ, ಅರಗಿನ ಮುದ್ರೆ ಒತ್ತಿ ಮಾಲತೇಶಪ್ಪನ ಕೈಗೂ ಕೊಟ್ಟರು. ಏಳು ವರ್ಷ ಮುದ್ರೆ ಒಡೆಯುವಂತಿಲ್ಲ. ಒಡೆದರೆ ಲೈಸೆನ್ಸು ಹೋಗುತ್ತದೆ.

ಹೆಂಡತಿ ಹೊಳಿಯವ್ವ ಬಾರಿನ ಅಡಿಗೆಮನೆ ನೋಡಿಕೊಳ್ಳುವವಳು. ಮಿರ್ಚಿ ಕರಿಯುತ್ತಲೇ ಇದೆಲ್ಲ ನೋಡಿದ್ದಳು.

“ಅಲ್ರೀ, ಬಾರ್ ನಮ್ದು, ಪೀಪಾಯಿ ನಮ್ದು. ಊರ ಮಂದಿಯೆಲ್ಲ ಕುಡುದ್ರು, ನಿಮಗೊಂದು ಗುಟುಕು ಇಲ್ಲನು?”

“ಸರ್ಟಿಫಿಕೇಟ್ ಬರ್ಲಿ ತಡಿ. ಕುರ್ಟ್ ಸಾಹೇಬ ಬಂದ ದಿನ ಕೂಡೇ ಕುಡಿತೇನಿ.”

ಸರ್ಟಿಫಿಕೇಟಿಗೆ ದಾರಿ ಒಂದೇ ಇತ್ತು. ತೇವಾಂಶ ಹೆಚ್ಚಾದ ಮಾಲನ್ನು ಬಿಸಿಲಿಗೆ ಹರವಿ ಹನ್ನೆರಡಕ್ಕೆ ಇಳಿಸಬೇಕು. ಮಾರ್ಚ್ ಇಪ್ಪತ್ತರಂದು ಬೆಳಿಗ್ಗೆ ಬ್ಯಾಡಗಿ ರಸ್ತೆಯ ಒಣಗಿಸುವ ಕಣಕ್ಕೆ ಪೀಪಾಯಿ ಹೋಯಿತು. ಹಿಂದಿನ ದಿನದವರೆಗೆ ಮೆಣಸಿನಕಾಯಿ ಒಣಗುತ್ತಿದ್ದ ಕೆಂಪು ತಾಡಪತ್ರಿಯ ಮೇಲೆ ಮಿಕ್ಕ ಬಿಯರನ್ನೆಲ್ಲ ಸುರಿದರು. ಕಣದ ಮೈಲಾರೆಪ್ಪ ಹಲುಬೆ ಹಿಡಿದು ತಾಸಿಗೊಮ್ಮೆ ಅದನ್ನು ಮಗುಚಿ ಹಾಕಿದ. ಮಗುಚಿದಾಗಲೆಲ್ಲ ಕಣದವರು ಸೀನಿದರು. ಅವನು ಮೂವತ್ತು ವರ್ಷದಿಂದ ಮಾಲು ಒಣಗಿಸಿದವನು. ಇದನ್ನು ಒಣಗಿಸಬಹುದೇ ಎಂದು ಅವನೂ ಕೇಳಲಿಲ್ಲ, ಅವನನ್ನು ಯಾರೂ ಕೇಳಲಿಲ್ಲ.

ಮಾಲತೇಶಪ್ಪ ಛತ್ರಿ ಹಿಡಿದು ಪಕ್ಕದಲ್ಲೇ ನಿಂತಿದ್ದ. ಒಂಬತ್ತು ವರ್ಷದ ಆಸೆ ಕಣ್ಣೆದುರೇ ಆವಿಯಾಗುವುದನ್ನು ನೋಡಿ ಅವನಿಗೆ ಅಳು ಬಂತು. ಅಳಲಿಲ್ಲ, ಮಾಲಿನ ಮೇಲೆ ಹನಿ ಬಿದ್ದರೆ ಮತ್ತೆ ತೇವಾಂಶ ಏರುತ್ತದೆ ಎಂಬ ಭಯವಿತ್ತು.

ಮೂರನೆಯ ದಿನ ತಾಡಪತ್ರಿಯ ಮೇಲೆ ಉಳಿದದ್ದನ್ನು ಕೆರೆದು ತೆಗೆದರು. ಇಟ್ಟಿಗೆ ಬಣ್ಣದ ಪುಡಿ, ಎರಡು ಹಿಡಿಯಷ್ಟು. ಯಂತ್ರದಲ್ಲಿಟ್ಟರೆ ಮುಳ್ಳು ಹನ್ನೊಂದು ಪಾಯಿಂಟ್ ಎಂಟಕ್ಕೆ ನಿಂತಿತು. ಪ್ರಭುಲಿಂಗಪ್ಪನವರ ಮುಖ ಅರಳಿತು. ಇಷ್ಟು ಚೊಕ್ಕ ಒಣಗಿದ ಗೋಧಿ ಬಿಯರನ್ನು ಜಿಲ್ಲೆಯಲ್ಲಿ ಇದುವರೆಗೆ ಯಾರೂ ತಂದಿಲ್ಲವೆಂದು ಕೈಕುಲುಕಿ, ‘ನಲ್ಲಿಯ ಮೂಲಕ ಮಾರಲು ಯೋಗ್ಯ’ ಎಂದು ಪ್ರಮಾಣಪತ್ರ ಬರೆದುಕೊಟ್ಟರು.

ಮನೆಗೆ ಬಂದು ಮಾಲತೇಶಪ್ಪ ಪುಡಿಯ ಡಬ್ಬಿಯನ್ನು ಹೊಳಿಯವ್ವನ ಮುಂದಿಟ್ಟು ತಲೆ ಮೇಲೆ ಕೈಹೊತ್ತು ಕೂತ.

“ನಲ್ಲಿಯಿಂದ ಕೊಡ್ಬೇಕಂತ. ಪುಡಿ ನಲ್ಲ್ಯಾಗ ಹೆಂಗ ಬರ್ತೈತಿ?”

“ನೀರು ಬರ್ತೈತಲ್ಲ,” ಎಂದಳು ಅವಳು. “ನಲ್ಲಿಯಿಂದ ತಣ್ಣೀರು ಬಿಡ್ರಿ. ಪುಡಿ ಪೊಟ್ಟಣದಾಗ ಬ್ಯಾರೆ ಕೊಡ್ರಿ. ಕೂಡಿಸ್ಕೊಳ್ಳೋದು ಕುಡಿಯೋರಿಗೆ ಬಿಟ್ಟಿದ್ದು.”

ಮರುದಿನ ಇದನ್ನು ಕೇಳಿದ ಪ್ರಭುಲಿಂಗಪ್ಪನವರು ಕಲಮುಗಳನ್ನು ತಿರುವಿ ನೋಡಿದರು. ಮಾರುವಾತ ನೀರು ಹಾಕಿದರೆ ಅಪರಾಧ, ಕುಡಿಯುವಾತ ಹಾಕಿಕೊಂಡರೆ ಅಭಿರುಚಿ. ಹೊಳಿಯವ್ವನ ಕಾನೂನು ಜ್ಞಾನಕ್ಕೆ ಅವರು ತಲೆದೂಗಿದರು.

ಇಪ್ಪತ್ತೆಂಟರ ಮಧ್ಯಾಹ್ನ ಕುರ್ಟ್ ಸಾಹೇಬ ಬಂದ. ನಿರೀಕ್ಷಕರೂ ಹಾಜರಿದ್ದರು. ಎತ್ತರದ ಗ್ಲಾಸಿಗೆ ನಲ್ಲಿಯಿಂದ ನೀರು ಇಳಿಯುವುದನ್ನು ನೋಡಿದ. ಪೊಟ್ಟಣ ಬಿಚ್ಚಿ ಸುರಿದು, ಕಲಕಿ, ಒಂದೇ ದಮ್ಮಿಗೆ ಅರ್ಧ ಗ್ಲಾಸು ಕುಡಿದ. ಅವನ ಮುಖ ಕೆಂಪಾಗಿ, ಎರಡೂ ಕಣ್ಣಲ್ಲಿ ನೀರು ಇಳಿಯಿತು.

“ಮಾಲತೇಶ, ನಮ್ಮ ಊರಾಗ ಹಿಂಗಿಲ್ಲ,” ಎಂದ, ಹೊಳೆದಂಡೆಯಲ್ಲಿ ಕಲಿತ ಕನ್ನಡದಲ್ಲಿ.

“ನಿಮ್ಮೂರಾಗ ತೇವಾಂಶ ನೋಡೋರಿಲ್ರಿ,” ಎಂದು ಪ್ರಭುಲಿಂಗಪ್ಪನವರು ಪ್ರಮಾಣಪತ್ರ ಮುಂದಿಟ್ಟರು. ದುಂಡು ಶಿಕ್ಕೆ, ಮೂರು ಸಹಿ, ಹನ್ನೊಂದು ಪಾಯಿಂಟ್ ಎಂಟು. ಕುರ್ಟ್ ಸಾಹೇಬ ಅದನ್ನು ಎರಡು ಸಲ ನೋಡಿ, ಎದ್ದು ನಿಂತು, “ನಿಯಮ ಅಂದ್ರ ನಿಯಮ” ಎಂದು ಉಳಿದರ್ಧವನ್ನೂ ಕುಡಿದ. ಎರಡನೇ ಗ್ಲಾಸು ಮಾಲತೇಶಪ್ಪ ಕುಡಿದ. ಅವನ ಕಣ್ಣಲ್ಲೂ ನೀರು ಬಂತು. ಅದರಲ್ಲಿ ಮೆಣಸಿನಕಾಯಿಯ ಪಾಲೆಷ್ಟು ಎಂದು ಅಳೆಯುವ ಯಂತ್ರ ಉಪಕಚೇರಿಯಲ್ಲಿ ಇರಲಿಲ್ಲ.

“ಹೆಂಗೈತ್ರಿ?” ಎಂದು ಹೊಳಿಯವ್ವ ಕೇಳಿದಳು.

“ಛಲೋ ಐತಿ. ಒಂದೀಟು ಖಾರ.”

ಈಗ ಜರ್ಮನಿ ಬಿಯರಿಗೆ ಮೇಡ್ಲೇರಿಯಿಂದಲೂ ಜನ ಬರುತ್ತಾರೆ. ಪುಡಿ ಕಣದಿಂದಲೇ ನೇರ ಬರುತ್ತದೆ. ಪೀಪಾಯಿ ತರಿಸುವ ಅಗತ್ಯ ಬಿದ್ದಿಲ್ಲ. ನೆಗಡಿಗೂ ಒಳ್ಳೆಯದು ಎಂದು ಹೇಳುತ್ತಾರೆ. ಮುದ್ರೆಯೊತ್ತಿದ ಬಾಟಲಿ ಗಲ್ಲಾದ ಹಿಂದಿನ ಗೂಡಿನಲ್ಲಿದೆ. ಮಾಲತೇಶಪ್ಪ ದಿನಾ ಬೆಳಿಗ್ಗೆ ಅದನ್ನು ಒರೆಸಿ, ಬೆಳಕಿಗೆ ಹಿಡಿದು, ಆ ಕದಡು ಬಣ್ಣವನ್ನು ನೋಡಿ ಮತ್ತೆ ಇಡುತ್ತಾನೆ. ಮುದ್ರೆ ಒಡೆಯುವ ವರ್ಷ ತಪ್ಪದೆ ಬರುತ್ತೇನೆಂದು ಕುರ್ಟ್ ಸಾಹೇಬ ಕಾಗದ ಬರೆದಿದ್ದಾನೆ.

“ಏಳು ವರ್ಷ ಇಟ್ರ ಹುಳಿ ಆಗ್ತೈತ್ರಿ ಅದು,” ಎಂದು ಹೊಳಿಯವ್ವ ಒಮ್ಮೆ ನಿರೀಕ್ಷಕರೆದುರೇ ಹೇಳಿದಳು.

ಪ್ರಭುಲಿಂಗಪ್ಪನವರು ಪೊಟ್ಟಣ ಬಿಚ್ಚಿ ಗ್ಲಾಸಿಗೆ ಸುರಿದುಕೊಳ್ಳುತ್ತಾ, “ಹುಳಿಗೆ ಬ್ಯಾರೆ ಇಲಾಖೆ ಐತಿ ತಂಗಿ,” ಎಂದರು. ಕೂತವರೆಲ್ಲ ಹೌದೆಂದರು.