ಸರಕಾರಿ ಮೀನಿನ ಕಣ್ಣು

ನಿಜಾಮರ ಆಳಿಕಿಯ ಫಸಲಿ ಹದಿಮೂರುನೂರಾ ನಲವತ್ತಾರನೇ ಸಾಲಿನಾಗ ನಮ್ಮ ಚಿಂಚೋಳ್ಯಾಗ "ಅಡ್ಡದಾರಿ ಹಿಡಿದ ಹರೇದವರನ್ನು ಚಿತ್ರಕಲೆಯಿಂದ ತಿದ್ದುವ ಮಹಕಮಾ" ಅನ್ನೋ ಸರಕಾರಿ ಇಲಾಖೆ ಸ್ಥಾಪನೆ ಆಯಿತು. ಅದಕ್ಕ ದೊಡ್ಡವರಾಗಿ ನಾಗೇಂದ್ರಪ್ಪನವರು ಬಂದು ಕುರ್ಚಿ ಮ್ಯಾಲೆ ಕುಂತರು. ಎರಡು ತಿಂಗಳು ಕುಂತರೂ ಅಡ್ಡದಾರಿ ಹಿಡಿದವರು ಒಬ್ಬರೂ ಸಿಗಲಿಲ್ಲ. ಇದು ಊರಿನ ದೊಡ್ಡ ಕೊರತೆ ಅಂತ ಮ್ಯಾಲಿನವರಿಗೆ ಬರೆದರು.

ಆಮ್ಯಾಲೆ, ಪುಣ್ಯಕ್ಕ, ಅಂಬರಾಯ ಸಿಕ್ಕ. ನನ್ನ ಬಾಜೂ ಮನಿ ಹಣಮಮ್ಮನ ಒಬ್ಬನೇ ಮಗ. ಹತ್ತೊಂಬತ್ತರ ಪ್ರಾಯ, ಹರಗೋಲು ಹಾಕಿ ಮಂದಿಗಿ ಹೊಳಿ ದಾಟಸಾವ. "ಸರಕಾರಿ ಅಧಿಕಾರಿಯನ್ನು ದಂಡೆಯ ಮೇಲೆ ನಿಲ್ಲಿಸಿ, ಹೆರಿಗೆ ಬೇನೆಯ ಹೆಂಗಸನ್ನು ಮೊದಲು ದಾಟಿಸಿದ ಅಪರಾಧ" ಅಂತ ಬರೆದು ಒಳಗ ಹಾಕಿದರು.

ಹುಕುಂ ಭಾಳ ದಯದಿಂದ ಇತ್ತು: ಅಪರಾಧಿ ಕಚೇರಿ ಗೋಡಿಗಿ ಒಂದು ಚಿತ್ರ ಬರೀಬೇಕು, ಚಿತ್ರ ಮುಗಿದ ದಿನ ಅವ ತಿದ್ದಿಕೊಂಡಂಗ, ಮನಿಗಿ ಹೋಗಬಹುದು. ಅಂಬರಾಯ ಕೆಮ್ಮಣ್ಣು, ಸುಣ್ಣ ಕಲಸಿ ಎಂಟು ದಿನದಾಗ ಗೋಡಿ ತುಂಬ ಒಂದು ಮೀನ ಬರದ. ಪೊರಿ ಪೊರಿ ಎಣಿಸಬಹುದಿತ್ತು. ನಮ್ಮ ಕಡಿ ಗೋಡಿ ಮ್ಯಾಲೆ ಏನು ಬರದರೂ ಕಣ್ಣು ಕಡೀಕ ಇಡೋದು. ಕಣ್ಣಿಟ್ಟರಷ್ಟೇ ಚಿತ್ರ ಮುಗದಂಗ. ಇದು ನಾಗೇಂದ್ರಪ್ಪನವರಿಗೂ ಗೊತ್ತಿತ್ತು. ಇವ ಹೋದರ ಮಹಕಮಾ ಖಾಲಿ ಅನ್ನೋದೂ ಗೊತ್ತಿತ್ತು.

ಹಣಮಮ್ಮ ಕಚೇರಿಗಿ ಹೋದಾಗ ನಾನೂ ಸಂಗಟ ಇದ್ದೆ.

"ಸಾಹೇಬ್ರ, ಹೊಳಿ ತುಂಬಿ ಹರ್ಯಾಕತ್ತಾದ. ಹರಗೋಲು ಬೋರಲು ಬಿದ್ದಾದ, ಒಲಿ ಹತ್ತಿಲ್ಲ. ನನ್ನ ಮಗನ್ನ ಬಿಡ್ರಿ."

"ನಿನ್ನ ಮಗನ್ನ ನಾವು ಹಿಡದಿಲ್ಲವ್ವ, ತಿದ್ದಾಕತ್ತೀವಿ."

"ಚಿತ್ರ ಮುಗದಾದಲ್ರಿ."

"ಕಣ್ಣೆಲ್ಲಿ ಅದ?"

"ಕಣ್ಣಿಡಾಕ ನೀವೇ ಬಿಡವಲ್ರಿ!"

"ಕಣ್ಣು ಸರಕಾರದ್ದು. ಕಲಬುರಗಿಯಿಂದ ದೊಡ್ಡ ಸಾಹೇಬರು ಬಂದು ನೋಡಿದ ಮ್ಯಾಲೆ ಇಡಬೇಕು."

"ಅವರು ಯಾವಾಗ ಬರತಾರ್ರಿ?"

"ಹೊಳಿ ದಾಟಿ ಬರಬೇಕು. ದಾಟಸಾವ ಒಳಗಿದಾನ."

ನಾವು ಎದ್ದು ಮನಿಗಿ ಹೊಂಟಿವಿ. ಮಾತು ನ್ಯಾಯವಾಗೇ ಇತ್ತು.

ಮರುದಿನ ಮುಂಜಾನೆ ಹಣಮಮ್ಮ ದೀಪದ ಕಾಡಿಗಿ ಎಣ್ಣ್ಯಾಗ ಕಲಸಿಕೊಂಡು ಬಂದಳು. ಕಾವಲಿಗಿದ್ದ ಮಜೀದಸಾಬ, "ಅಕ್ಕಾ, ನಾ ಬೀಡಿ ಸೇದಾಕ ಹೊಂಟೀನಿ. ಗೋಡಿ ಕಡಿ ಹೋಗಬ್ಯಾಡ, ಎರಡು ಬೀಡಿ ಸೇದತೀನಿ" ಅಂತ ಹೇಳಿ ಹೋದ. ಆಕಿ ಹೆಬ್ಬಟ್ಟಿಲೇ ಕಣ್ಣಿಟ್ಟಳು.

ಚಿತ್ರ ಮುಗೀತು, ಅಂಬರಾಯನ್ನ ಬಿಟ್ಟರು. "ಸರಕಾರಿ ಮೀನಿಗೆ ಖಾಸಗಿ ಕಣ್ಣು ಇಟ್ಟ ಅಪರಾಧ"ಕ್ಕ ಹಣಮಮ್ಮನ್ನ ಒಳಗ ಹಾಕಿದರು.

"ಹುಜೂರ್, ಇದು ಹರೇದವರ ಮಹಕಮಾ. ಈಕಿಗಿ ಐವತ್ತು" ಅಂದ ಮಜೀದಸಾಬ.

ನಾಗೇಂದ್ರಪ್ಪನವರು ವಿಚಾರ ಮಾಡಿ ಬರೆದರು: "ಚಿತ್ರ ಮುಗಿಯುವವರೆಗೆ ಸದರಿ ಹಣಮಮ್ಮನ ವಯಸ್ಸು ಹತ್ತೊಂಬತ್ತು ಎಂದು ತಿಳಿಯತಕ್ಕದ್ದು."

ಹಣಮಮ್ಮ ಎರಡನೇ ಗೋಡಿಗಿ ನವಿಲು ಬರದಳು. ಅದಕ್ಕೂ ಕಣ್ಣಿಡಗೊಡಲಿಲ್ಲ. ಮಗ ಕಾಡಿಗಿ ಹಿಡಕೊಂಡು ಹೊಂಟಿದ್ದ. ನಾವು ಓಣಿಯವರು ಅಡ್ಡ ಹಾಕಿದಿವಿ: "ನೀ ಒಳಗ ಹೋದರ ಹೊಳಿ ಯಾರು ದಾಟಸಬೇಕೋ, ಖೋಡಿ!" ಶಿವಕಾಂತಮ್ಮ ಹೋಗಿ ಕಣ್ಣಿಟ್ಟಳು. ಆಕಿ ಬರದ ಆನಿಗಿ ವಿಮಲಾಬಾಯಿ ಇಟ್ಟಳು. ಹಿಂಗ ಓಣಿಯವರ ಪಾಳಿ ಹತ್ತಿತು.

ನಡುವ ಅಂಬರಾಯನ ಹರಗೋಲಿನ್ಯಾಗ ದೊಡ್ಡ ಸಾಹೇಬರು ಬಂದರು. ಗೋಡಿ ನೋಡಿದರು, ಪಟ್ಟಿ ನೋಡಿದರು. "ಇಷ್ಟು ಮಂದಿ ಅಪರಾಧಿಗಳು, ಎಲ್ಲರೂ ಹತ್ತೊಂಬತ್ತರವರು, ಎಲ್ಲರೂ ತಿದ್ದಿಕೊಂಡಿದ್ದಾರೆ!" ಅಂತ ಕಣ್ಣೀರು ತಂದುಕೊಂಡು ನಾಗೇಂದ್ರಪ್ಪನವರಿಗೆ ಇನ್ನೊಂದು ಕುರ್ಚಿ ಕೊಟ್ಟು ಹೋದರು.

ಈಗ ಒಳಗಿದ್ದವರ ಹುಲಿ ನಿನ್ನೆಗೆ ಮುಗದಾದ, ಕಣ್ಣೊಂದು ಬಾಕಿ. ಪಾಳಿ ನನ್ನದು. ಕಾಡಿಗಿ ತೇದಿಟ್ಟೀನಿ, ಎಂಟು ದಿನದ ರೊಟ್ಟಿ ಕಟ್ಟೀನಿ. ನನಗ ಎಪ್ಪತ್ತು ದಾಟ್ಯಾವ, ಹಲ್ಲು ಮೂರೇ ಅವ. ನಾಳೆ ಮುಂಜಾನಿಂದ ನನಗ ಹತ್ತೊಂಬತ್ತು.