ವಿನಯಪೂರ್ವಕವಾಗಿ ಬೇಡ

ಅರ್ಜಿ ವಿಲೇವಾರಿ ಇಲಾಖೆ ಕೊಟ್ಟ ಕೆಲಸವನ್ನು ಯಾರೂ ಬೇಡ ಎನ್ನತಕ್ಕದ್ದಲ್ಲ ಎಂಬ ನಿಯಮವಿತ್ತು. ಆದ್ದರಿಂದ ಬೇಡ ಎಂದವರನ್ನು ಏನು ಮಾಡಬೇಕೆಂಬ ನಿಯಮ ಇರಲಿಲ್ಲ.

ಇಲಾಖೆಯ ಬಾಗಿಲಿಗೆ ಬೋರ್ಡು ಬರೆದುಕೊಟ್ಟ ಪೇಂಟರಮ್ಮನ ಅಕ್ಷರ ದುಂಡಗಿದೆಯೆಂದು ಆಕೆಯನ್ನು ಸಹಾಯಕ ಅಧಿಕಾರಿಯಾಗಿ ನೇಮಿಸಲು ತೀರ್ಮಾನವಾಯಿತು. ಪೇಂಟರಮ್ಮ ಆತುರಪಡದೆ ಹೋಗಿ ಕೋಣೆ ನೋಡಿದಳು. ಕಿಟಕಿ ಇರಲಿಲ್ಲ. ಮಾಡಬೇಕಾದ ಕೆಲಸವೇನೆಂದು ಕೇಳಿದಳು.

"ಅದು ಸೇರಿದವರಿಗೆ ಮಾತ್ರ ಹೇಳೋ ವಿಷಯ," ಎಂದರು ಇಲಾಖೆಯ ಸಾಹೇಬರು.

"ಸೇರಿದವರಿಗೆ ಗೊತ್ತಾ ಸಾರ್?"

"ಯಾರೂ ಕೇಳಿಲ್ಲ."

ಮನೆಗೆ ಬಂದರೆ ಅಕ್ಕ ಬೆನ್ನುಬಿದ್ದಳು. "ಕಣ್ಮುಚ್ಚಿ ಹೂಂ ಅನ್ನೇ. ಬಿಸಿಲಲ್ಲಿ ಏಣಿ ಹತ್ತೋದು ತಪ್ಪುತ್ತೆ."

"ಏಣಿ ಮೇಲೆ ಗಾಳಿಯಾದ್ರೂ ಇದೆ ಅಕ್ಕ. ಆ ಗೂಡಲ್ಲಿ ನನ್ನ ಕೈಲಿ ಕೂರೋಕಾಗಲ್ಲ," ಎಂದ ಪೇಂಟರಮ್ಮ ಇಲಾಖೆಗೆ ಉತ್ತರ ಬರೆದಳು: "ತಾವು ನನ್ನ ಮೇಲಿಟ್ಟ ವಿಶ್ವಾಸಕ್ಕೆ ಋಣಿ. ಹುದ್ದೆ ದೊಡ್ಡದು, ನನ್ನ ಮನಸ್ಸು ಬೇರೆಡೆ ಇದೆ. ದಯವಿಟ್ಟು ಮನ್ನಿಸಿ."

ಸಾಹೇಬರು ಅದನ್ನು ಎದ್ದು ನಿಂತು ಓದಿದರು. ಅರ್ಜಿ ತಿರಸ್ಕರಿಸಿದಾಗಲೆಲ್ಲ ಜನರಿಂದ ಬೈಸಿಕೊಳ್ಳುತ್ತಿದ್ದ ಇಲಾಖೆ, ಅಂದಿನಿಂದ ಅದೇ ಒಕ್ಕಣೆಯನ್ನು ಬಳಸತೊಡಗಿತು. ಚರಂಡಿ ರಿಪೇರಿಗೆ ಅರ್ಜಿ ಹಾಕಿದ್ದ ಕ್ಷೌರಿಕನಿಗೆ, "ತಾವು ನಮ್ಮ ಮೇಲಿಟ್ಟ ವಿಶ್ವಾಸಕ್ಕೆ ಋಣಿ. ಚರಂಡಿ ದೊಡ್ಡದು, ನಮ್ಮ ಮನಸ್ಸು ಬೇರೆಡೆ ಇದೆ," ಎಂಬ ಉತ್ತರ ಹೋಯಿತು. ಆತ ಹಿಗ್ಗಿ ಹೀರೇಕಾಯಿಯಾಗಿ, ಚರಂಡಿ ದಾಟಿ ದಾಟಿ ಬೀದಿಯವರಿಗೆಲ್ಲ ತೋರಿಸಿದ.

ಸಾರ್ವಜನಿಕ ಹಿತದೃಷ್ಟಿಯಿಂದ ಪೇಂಟರಮ್ಮನನ್ನು ನಿರಾಕರಣಾಧಿಕಾರಿಯಾಗಿ ನೇಮಿಸಲಾಯಿತು. ಆಕೆ ಅದನ್ನೂ ಬೇಡವೆಂದಳು. ಆ ನಿರಾಕರಣೆಗೇ ಮೊದಲ ದಿನದ ಹಾಜರಿ ಬಿತ್ತು.

"ನಾನು ಬೇಡ ಅಂದೆನಲ್ಲ ಸಾರ್!"

"ಅದೇ ಕಣಮ್ಮಾ! ಸೇರೋಕೆ ಮೊದಲೇ ಎಂಥಾ ಶ್ರದ್ಧೆ!"

ನೌಕರರು ಖಾಸಗಿ ಕಸುಬು ಮಾಡಕೂಡದು ಎಂದು ಜವಾನ ಆಕೆಯ ಅಂಗಡಿಗೆ ಬಂದು ಬಣ್ಣದ ಡಬ್ಬಿ, ಕುಂಚ, ಏಣಿ ಎಲ್ಲ ಹೊತ್ತೊಯ್ದ. ಬೇಕರಿಯ ಅರ್ಧ ಬರೆದ ಬೋರ್ಡು ಗೋಡೆಗೊರಗಿ ನಿಂತಿತ್ತು. ಪೇಂಟರಮ್ಮನಿಗೆ ಅಳು ಬಂತು. ಮೂಗೊರೆಸಿಕೊಂಡು ಕಚೇರಿಗೇ ಹೋಗಿ, "ಈ ಕೆಲಸದಿಂದ ಬಿಡುಗಡೆ ಹೇಗೆ?" ಎಂದು ಕೇಳಿದಳು.

"ನಿರಾಕರಣಾಧಿಕಾರಿ ಯಾವುದಕ್ಕಾದ್ರೂ ಒಪ್ಪಿಗೆ ಕೊಟ್ಟರೆ ಕರ್ತವ್ಯಲೋಪ," ಎಂದರು ಸಾಹೇಬರು. "ವಜಾ ಮಾಡ್ತೀವಿ."

ಆಕೆ ಅಲ್ಲೇ ಕುಳಿತು, "ಹುದ್ದೆಯನ್ನು ಸಂತೋಷದಿಂದ ಒಪ್ಪಿಕೊಂಡಿದ್ದೇನೆ," ಎಂದು ಬರೆದುಕೊಟ್ಟಳು. ಸಾಹೇಬರ ಮುಖ ಕಪ್ಪಿಟ್ಟಿತು. ವಜಾ ಏಕೆ ಮಾಡಬಾರದು ಎಂದು ಕಾರಣ ಕೇಳಿ ನೋಟೀಸು ಬಂತು. ಕಾರಣ ಕೊಡದಿದ್ದರೆ ಬೇಗ ತೊಲಗಿಸುತ್ತಾರೆಂದು ಪೇಂಟರಮ್ಮ, "ತಾವು ಕೇಳಿದ್ದು ನನಗೆ ಗೌರವದ ವಿಷಯ, ಆದರೆ ವಿವರಣೆ ಕೊಡಲಾರೆ, ಮನ್ನಿಸಿ," ಎಂದು ಬರೆದಳು.

ಸಾಹೇಬರು ಓದಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ವಿಚಾರಣೆಯಲ್ಲೂ ಕರ್ತವ್ಯ ಮರೆತಿಲ್ಲ!" ವಜಾ ರದ್ದಾಯಿತು, ಬಡ್ತಿ ಸಿಕ್ಕಿತು. ಓಡಾಟ ಕಷ್ಟವೆಂದು ಆಕೆಯ ಅಂಗಡಿಯನ್ನೇ ಶಾಖಾ ಕಚೇರಿ ಎಂದು ಘೋಷಿಸಲಾಯಿತು. ಅಕ್ಕ ಬಂದವರಿಗೆ ಬೆಂಚು ಹಾಕಿದಳು.

ಈಗ ಬೆಳಗಾದರೆ ಅಲ್ಲಿ ಜನವೋ ಜನ. ಅರ್ಜಿ ಕೊಟ್ಟು, ನಿರಾಕರಣೆ ಪಡೆದು, ನಗುನಗುತ್ತ ಮನೆಗೆ ಹೋಗುತ್ತಾರೆ.

"ಕಚೇರಿ ಅಂದ್ರೆ ಹೀಗಿರಬೇಕು ನೋಡಿ," ಎನ್ನುತ್ತಾರೆ. "ಮುಂಚೆ ಇಲ್ಲ ಅನ್ನಿಸ್ಕೊಳ್ಳೋಕೆ ವರ್ಷಗಟ್ಟಲೆ ಅಲೀಬೇಕಿತ್ತು."