ಡ್ಯಾರಿಲ್‌ನ ಅಸಲಿ ಹೆಂಡತಿಗಾಗಿ ಸರ್ಕಾರಿ ಶೋಧ

ನಮ್ಮ ಟೂವೂಂಬಾ ಊರಿನ ಚರ್ಚಿನಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ಎಲ್ಲರಿಗೂ ಪಾನ್ಸಿಟ್ ಶಾವಿಗೆ ಬಡಿಸುವ ಪುರಿತಾ ಅವರು ಇದನ್ನು ಮೊದಲು ನನಗೆ ಹೇಳಿದರು. ಡ್ಯಾರಿಲ್ ಎಂಬ ಗೃಹಸ್ಥನು ತನ್ನ ಹೆಂಡತಿಯ ಮುಂಗೈ ಮುರಿದದ್ದು ಕಾನೂನಿನ ಪ್ರಕಾರ ಸತ್ಯ. ಆ ಹೆಂಡತಿ ಯಾರೆಂಬುದು ಮಾತ್ರ ಸರ್ಕಾರಕ್ಕೆ ಇನ್ನೂ ಗೊತ್ತಾಗಿಲ್ಲ.

ಮುರಿದದ್ದು ನೆನಿತಾಳ ಮುಂಗೈ. ಫಿಲಿಪೀನ್ಸಿನಿಂದ ಅವನನ್ನು ಮದುವೆಯಾಗಿ ಬಂದವಳು, ವೃದ್ಧಾಶ್ರಮದಲ್ಲಿ ಮುದುಕರಿಗೆ ಸ್ನಾನ ಮಾಡಿಸಿ ಮರ್ಯಾದೆಯಿಂದ ಬದುಕುತ್ತಿದ್ದವಳು. ತಿರುಗಿ ಹೋಗಲು ತವರೂರಲ್ಲಿ ಅವಳಿಗೆ ಮನೆಯಿರಲಿಲ್ಲ. ಅವಳ ವೀಸಾ ಗಂಡನ ಕೃಪೆಯಲ್ಲಿತ್ತು; ಅವಳು ಪೊಲೀಸರನ್ನು ಕರೆದ ಮರುದಿನವೇ ಅವನು ಕೃಪೆಯನ್ನು ಹಿಂದಕ್ಕೆ ಪಡೆದ. ಆದರೂ ಪೆಟ್ಟು ತಿಂದ ಹೆಂಡತಿ ಗಂಡನ ಒಪ್ಪಿಗೆಯಿಲ್ಲದೆಯೂ ಇಲ್ಲೇ ನೆಲೆಸಬಹುದು, ನಮ್ಮ ಕಾನೂನಿಗೆ ಅಷ್ಟು ದಯೆಯುಂಟು. ಅವಳು ಮೊದಲು ನಿಜವಾದ ಹೆಂಡತಿಯಾಗಿರಬೇಕು, ಅಷ್ಟೇ.

ನ್ಯಾಯಾಲಯದಲ್ಲಿ ಡ್ಯಾರಿಲ್ ತಲೆ ತಗ್ಗಿಸಿ ನಿಂತ. "ಸ್ವಾಮಿ, ಹೆಂಡ್ತಿ ಅಲ್ವಾ, ಸಲಿಗೆ ಜಾಸ್ತಿ. ಗಂಡ ಹೆಂಡ್ತಿ ಅಂದ್ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ." ನ್ಯಾಯಾಧೀಶರು ಮರುಗಿ, ಎಚ್ಚರಿಕೆ ಕೊಟ್ಟು ಕಳುಹಿಸಿದರು. ಅದೇ ಮಧ್ಯಾಹ್ನ ಅವನು ವಲಸೆ ಇಲಾಖೆಗೆ ಹೋದ. "ಅವ್ಳಾ? ಯಾವ ಹೆಂಡ್ತಿ ಕಣ್ರೀ! ಮದುವೆ ಬರೀ ಕಾಗದಕ್ಕೆ. ಬಾಡಿಗೆಗೆ ಇದ್ಲು."

ಅಲ್ಲಿನ ಅಧಿಕಾರಿಣಿ ಗ್ಲೆನಿಸ್ ಎರಡನ್ನೂ ನಂಬಿದರು. ಪ್ರಜೆಯ ಮಾತನ್ನು ಅರ್ಧಕ್ಕೆ ನಂಬುವುದು ಅವರ ಪದ್ಧತಿಯಲ್ಲ.

"ನೋಡಮ್ಮ ನೆನಿತಾ, ಅವರು ಹೆಂಡ್ತಿಗೆ ಹೊಡೆದಿದಾರೆ, ಕೋರ್ಟೇ ಹೇಳಿದೆ. ನೀನು ಅವರ ಹೆಂಡ್ತಿ ಅಲ್ಲ, ಅವರೇ ಹೇಳಿದಾರೆ. ಅಂದ್ಮೇಲೆ ಪೆಟ್ಟು ತಿಂದೋಳು ಬೇರೆ ಯಾರೋ."

ನೆನಿತಾ ಪಟ್ಟಿ ಕಟ್ಟಿದ ಕೈಯನ್ನು ಎತ್ತಿ ತೋರಿಸಿದಳು. "ಮೇಡಂ, ಕೈ ನಂದು!"

"ಕೈ ನಿಂದೇ, ಯಾರು ಇಲ್ಲ ಅಂದ್ರು? ಪೆಟ್ಟು ಅವಳದ್ದು. ಪಾಪ, ಎಲ್ಲಿ ಒದ್ದಾಡ್ತಿದಾಳೋ. ಅದೇ ಮನೇಲಿ ಇದ್ದೆಯಲ್ಲ, ನಿನ್ನ ಕಣ್ಣಿಗೆ ಬೀಳಲಿಲ್ವಾ?"

"ಕನ್ನಡೀಲಿ ದಿನಾ ನೋಡ್ತಿದ್ದೆ."

"ತಮಾಷೆ ಬೇಡ. ಒಬ್ಬ ಹೆಣ್ಣುಮಗಳ ಬಾಳಿನ ಪ್ರಶ್ನೆ."

ನೆನಿತಾಳ ಅರ್ಜಿ ತಿರಸ್ಕೃತವಾಯಿತು. ಕೂಡಲೇ ಇಲಾಖೆ ಪ್ರಕಟಣೆ ಹೊರಡಿಸಿತು: "ಶ್ರೀ ಡ್ಯಾರಿಲ್ ಅವರಿಂದ ಪೆಟ್ಟು ತಿಂದ ಅಸಲಿ ಪತ್ನಿಯು ಎಲ್ಲಿದ್ದರೂ ಹಾಜರಾಗತಕ್ಕದ್ದು. ಗಾಯಗಳನ್ನು ಸ್ವತಃ ತರತಕ್ಕದ್ದು. ಈಗಾಗಲೇ ಹಾಜರಾದವರು ಮತ್ತೆ ಹಾಜರಾಗಕೂಡದು."

ಊರಿಗೆ ಊರೇ ಕರಗಿತು. ಪಾದ್ರಿಗಳು ಆ ಕಾಣದ ತಾಯಿಗಾಗಿ ಪ್ರಾರ್ಥನೆ ಮಾಡಿಸಿದರು. ನೆನಿತಾಳೂ ಎಲ್ಲರ ಜೊತೆ ಮೊಣಕಾಲೂರಿದಳು. ಫುಟ್‌ಬಾಲ್ ಕ್ಲಬ್ಬಿನವರು ಸಾಸೇಜ್ ಸುಟ್ಟು ಮಾರಿ ಸಹಾಯನಿಧಿ ಕೂಡಿಸಿದರು. ಒಲೆಯ ಮುಂದೆ ನಿಂತು ಈರುಳ್ಳಿ ಹುರಿದವನು ಡ್ಯಾರಿಲ್. "ಒಳ್ಳೇ ಹೆಂಗಸು ಕಣಯ್ಯಾ, ಎದುರು ಮಾತಾಡಿದೋಳೇ ಅಲ್ಲ," ಎಂದು ಕಣ್ಣೊರೆಸಿಕೊಂಡ. ಗೆಳೆಯರು ಬೆನ್ನು ತಟ್ಟಿದರು.

ಯಾರೂ ಬರಲಿಲ್ಲ. ಇಷ್ಟು ಅಂಜಿ ಅಡಗಿರುವುದೇ ದೌರ್ಜನ್ಯಕ್ಕೆ ಬಲವಾದ ಸಾಕ್ಷಿ ಎಂದು ಗ್ಲೆನಿಸ್ ಷರಾ ಬರೆದು, ಆ ಹೆಂಡತಿಗೆ ಕಾಯಂ ವಾಸದ ವೀಸಾ ಮಂಜೂರು ಮಾಡಿದರು.

ನೆನಿತಾಳನ್ನು ವಿಮಾನ ಹತ್ತಿಸಲು ಅವರೇ ಬಂದಿದ್ದರು. "ಅಲ್ಲೆಲ್ಲಾದ್ರೂ ಅವಳು ಸಿಕ್ಕಿದ್ರೆ, ಹೆದರಬೇಡ, ವಾಪಸ್ ಬಾ ಅಂತ ಹೇಳಮ್ಮ."

"ಅವಳೂ ಇದೇ ವಿಮಾನದಲ್ಲೇ ಹೋಗ್ತಿದಾಳೆ, ಮೇಡಂ."

ಗ್ಲೆನಿಸ್ ಗಾಬರಿಯಾಗಿ ವಿಮಾನ ನಿಲ್ಲಿಸಿ, ಸಾಲು ಸಾಲಾಗಿ ಹುಡುಕಿಸಿದರು. ಅಂಥವರು ಯಾರೂ ಇರಲಿಲ್ಲ. ವಿಮಾನ ಹೊರಟಿತು.

ಆದ್ದರಿಂದ ಇದನ್ನು ಓದಿದ ಪುಣ್ಯವಂತರು ದಯವಿಟ್ಟು ನಾಲ್ಕು ಮನೆಗೆ ಮುಟ್ಟಿಸಿ, ಆ ತಾಯಿಯ ಕಿವಿಗೆ ಬೀಳಲಿ. ವೀಸಾ ಸಿದ್ಧವಾಗಿ ಕಾದಿದೆ. ಬಂದವಳು ಅವಳೇ ಹೌದೋ ಅಲ್ಲವೋ ಎಂದು ಗುರುತು ಹಿಡಿದುಕೊಡಲು ಡ್ಯಾರಿಲ್ ದೊಡ್ಡ ಮನಸ್ಸು ಮಾಡಿ ಒಪ್ಪಿದ್ದಾನೆ.